ಏಳೂವರೆಯೊಳಗೆ ನಕ್ಷೆ: ಕೊಡಗಿನ ಮಳೆಗಾಗಿ ಮನೆಯಲ್ಲಿ ಕಟ್ಟಿದ ಹವಾಮಾನ ಮಾಡೆಲ್

ಕೊಡಗಿನ ತೋಟದವರನ್ನು ಮಳೆ ಎಷ್ಟು ಬಂತು ಎಂದು ಕೇಳಿ ನೋಡಿ. ಮಿಲಿಮೀಟರ್ ಲೆಕ್ಕ ಹೇಳುವವರು ಕಡಿಮೆ. "ನಿನ್ನೆ ನಾಲ್ಕು ಇಂಚು ಇಪ್ಪತ್ತು ಸೆಂಟು" ಅನ್ನುತ್ತಾರೆ. ಇಂಚಿನ ನೂರನೇ ಒಂದು ಪಾಲು ಒಂದು ಸೆಂಟು. ಬೆಳಗ್ಗೆ ಎದ್ದು ಅಂಗಳದ ಮಳೆ ಮಾಪಕದ ನೀರನ್ನು ಗಾಜಿನ ಜಾಡಿಗೆ ಸುರಿದು, ಅಳೆದು, ಪುಸ್ತಕದಲ್ಲಿ ಬರೆದಿಡುವುದು ಅಲ್ಲಿ ಎಷ್ಟೋ ಮನೆಗಳ ರೂಢಿ. ಮಕ್ಕಂದೂರಿನ ಕಡೆ ಇರುವ ನನ್ನ ಮಾವನ ಮನೆಯಲ್ಲೂ ಅಂಥ ಪುಸ್ತಕಗಳ ಸಾಲೇ ಇದೆ. 2018ರ ಪುಸ್ತಕದಲ್ಲಿ ಆಗಸ್ಟ್ ಪುಟ ಅರ್ಧಕ್ಕೆ ನಿಂತಿದೆ. 16ನೇ ತಾರೀಕಿನವರೆಗೆ ನೀಲಿ ಶಾಯಿಯ ಅಂಕಿಗಳು, ಆಮೇಲೆ ಖಾಲಿ ಗೆರೆಗಳು. ಆವತ್ತು ಮನೆ ಬಿಟ್ಟು ಹೊರಟವರು ತಿರುಗಿ ಬರಲು ತಿಂಗಳ ಮೇಲಾಯಿತು. ಹಿಂದಿನ ಗುಡ್ಡದ ಅರ್ಧ ಭಾಗ ತೋಟದೊಳಗೆ ಬಂದು ಕೂತಿತ್ತು.

ಆ ಖಾಲಿ ಗೆರೆಗಳನ್ನು ನೋಡಿದ ಮೇಲೆ ನಾನು ಮನೆಯಲ್ಲೇ ಹವಾಮಾನ ಮಾಡೆಲ್ ಓಡಿಸುವ ಈ ಕೆಲಸಕ್ಕೆ ಕೈಹಾಕಿದೆ. ನನ್ನದು ಕಂಪ್ಯೂಟರ್ ಕೆಲಸ. ಹವಾಮಾನ ಓದಿದವನಲ್ಲ. ಆದರೆ ಮುನ್ಸೂಚನೆ ಬರೆಯುವ ಕೆಲಸದಲ್ಲಿರುವ ಒಬ್ಬ ಹಿರಿಯ ಗೆಳೆಯರು ಇದ್ದಾರೆ. ಅವರು ಒಂದು ಮಾತು ಹೇಳಿದರು: "ಘಟ್ಟದಲ್ಲಿ ಭಾರಿ ಮಳೆ ಬರುತ್ತದೆ ಅನ್ನುವುದು ನನಗೆ ಎರಡು ದಿನ ಮೊದಲೇ ಗೊತ್ತಾಗುತ್ತದೆ. ಯಾವ ಪಕ್ಕಕ್ಕೆ, ರಾತ್ರಿ ಎಷ್ಟು ಹೊತ್ತಿಗೆ ಅನ್ನುವುದು ಗೊತ್ತಾಗುವುದಿಲ್ಲ." ಆ ಎರಡು ಪ್ರಶ್ನೆಗೆ ಸ್ವಲ್ಪವಾದರೂ ಸುಳಿವು ಕೊಡುವ ನಕ್ಷೆ ಅವರ ಮೇಜಿನ ಮೇಲಿರಬೇಕು. ಇಷ್ಟೇ ಗುರಿ.

ಹವಾಮಾನ ಮಾಡೆಲ್ ಅಂದರೆ ಭೂಪಟವನ್ನು ಚೌಕಗಳಾಗಿ ಭಾಗ ಮಾಡಿ, ಒಂದೊಂದು ಚೌಕಕ್ಕೂ ಮುಂದಿನ ಗಾಳಿ, ಮಳೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ. ಸಮಸ್ಯೆ ಎಲ್ಲಿದೆ ಅಂದರೆ ಚೌಕದ ಅಳತೆಯಲ್ಲಿ. ಇಡೀ ಜಗತ್ತಿಗೆ ಓಡುವ ಅಮೆರಿಕದ ಜಿಎಫ್‌ಎಸ್ ಮಾಡೆಲ್‌ನ ಡೇಟಾ ಎಲ್ಲರಿಗೂ ಉಚಿತ. ಅದು ಕಾಲು ಡಿಗ್ರಿ ಚೌಕಗಳಲ್ಲಿ ಬರುತ್ತದೆ. ನಮ್ಮ ಕಡೆ ಅದು ಸುಮಾರು 28 ಕಿಲೋಮೀಟರ್. ಮಡಿಕೇರಿಯಿಂದ ಕುಶಾಲನಗರಕ್ಕೆ ರಸ್ತೆಯಲ್ಲೇ 30 ಕಿಲೋಮೀಟರ್ ಆಸುಪಾಸು. ಮಡಿಕೇರಿಯಲ್ಲಿ ಬಿಡದೆ ಸುರಿಯುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಎರಡಕ್ಕೂ ಒಂದೇ ಅಂಕಿ ಕೊಟ್ಟರೆ ಏನು ಮಾಡುವುದು? ಅಷ್ಟು ದೊಡ್ಡ ಚೌಕಗಳಲ್ಲಿ ಪಶ್ಚಿಮ ಘಟ್ಟ ಗೋಡೆಯಂತೆ ಎದ್ದು ನಿಲ್ಲುವುದಿಲ್ಲ, ಒಂದು ಇಳಿಜಾರು ದಿಬ್ಬದಂತೆ ಮಲಗಿರುತ್ತದೆ. ಅರಬ್ಬಿ ಸಮುದ್ರದಿಂದ ಬಂದ ಗಾಳಿ ಗೋಡೆಗೆ ಬಡಿದು ಮೇಲೇಳುವುದಕ್ಕೂ ದಿಬ್ಬ ಹತ್ತುವುದಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ?

ಭಾರತೀಯ ಹವಾಮಾನ ಇಲಾಖೆಯೇ 3 ಕಿಲೋಮೀಟರ್ ಮಾಡೆಲ್ ಓಡಿಸುತ್ತದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಕಟ್ಟಿದ 6 ಕಿಲೋಮೀಟರಿನ ಭಾರತ್ ಫೋರ್‌ಕಾಸ್ಟ್ ಸಿಸ್ಟಂ 2025ರ ಮೇ ತಿಂಗಳಿಂದ ಇದೆ. ಹಾಗಿರುವಾಗ ಮನೆಯಲ್ಲಿ ಇನ್ನೊಂದು ಯಾಕೆ ಎಂದು ಕೇಳಬಹುದು. ದೇಶಕ್ಕೆಲ್ಲ ಓಡುವ ಮಾಡೆಲ್ ಒಂದು ತಾಲ್ಲೂಕಿನ ಪ್ರಶ್ನೆಗೆ ಅಂತ ನಿಂತು ಉತ್ತರ ಕೊಡುವುದಿಲ್ಲ. ನನ್ನದರಲ್ಲಿ ಗಡಿ ಎಲ್ಲಿರಬೇಕು, ಎಷ್ಟು ನಿಮಿಷಕ್ಕೊಮ್ಮೆ ಮಳೆ ಬರೆದಿಡಬೇಕು, ಯಾವ ಊರಿನ ಹೆಸರು ಹಾಕಬೇಕು ಎಲ್ಲವನ್ನೂ ನಾವೇ ತೀರ್ಮಾನಿಸಬಹುದು. ಅಮೆರಿಕದ ನ್ಯಾಷನಲ್ ವೆದರ್ ಸರ್ವೀಸ್‌ನ ಸ್ಥಳೀಯ ಕಚೇರಿಗಳು ಇದನ್ನು ಎಷ್ಟೋ ವರ್ಷಗಳಿಂದ ಮಾಡಿವೆ. ಅಲ್ಲಿನ ರಾಬರ್ಟ್ ರೊಜುಮಾಲ್ಸ್ಕಿ ಅವರು ಡಬ್ಲ್ಯುಆರ್‌ಎಫ್ ಮಾಡೆಲನ್ನು (ಜಿಎಫ್‌ಎಸ್‌ನಂಥ ದೊಡ್ಡ ಮಾಡೆಲ್‌ನ ಡೇಟಾ ತೆಗೆದುಕೊಂಡು ಒಂದು ಪ್ರದೇಶಕ್ಕೆ ಮಾತ್ರ ಸಣ್ಣ ಚೌಕಗಳಲ್ಲಿ ಓಡುವಂಥದ್ದು) ಸಣ್ಣ ಕಚೇರಿಯೂ ಓಡಿಸುವಂತೆ ಒಂದೇ ಪ್ಯಾಕೇಜ್ ಮಾಡಿ ಕೊಟ್ಟರು. ನಾನು ಮೊದಲು ಕಲಿತದ್ದು ಅದರಲ್ಲೇ. ಆಮೇಲೆ ಡಬ್ಲ್ಯುಆರ್‌ಎಫ್ ನಾಲ್ಕನೇ ಆವೃತ್ತಿಯನ್ನು ನೇರವಾಗಿ ಕಂಪೈಲ್ ಮಾಡಿಕೊಂಡೆ.

ಯಂತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 16 ಕೋರ್‌ನ ರೈಜನ್ ಪ್ರೊಸೆಸರ್, 64 ಜಿಬಿ ರ‍್ಯಾಮ್, ಒಂದು ಎನ್‌ವಿಎಂಇ ಡಿಸ್ಕ್, ಉಬುಂಟು. ಮಾಡೆಲ್ ಲೆಕ್ಕ ಹಾಕುವ ಪ್ರದೇಶಕ್ಕೆ ಡೊಮೇನ್ ಅನ್ನುತ್ತಾರೆ. ಒಂದರೊಳಗೆ ಒಂದು, ಎರಡಿವೆ. ಹೊರಗಿನ ಡೊಮೇನ್ 9 ಕಿಲೋಮೀಟರ್ ಚೌಕಗಳದು, 160 ಉದ್ದ, 160 ಅಗಲ. ಒಳಗಿನದು 3 ಕಿಲೋಮೀಟರ್, ಕಾರವಾರದಿಂದ ವಯನಾಡು ದಾಟುವವರೆಗೆ. ಎತ್ತರಕ್ಕೆ 45 ಪದರ. 9 ಕಿಲೋಮೀಟರಿನಲ್ಲಿ ಒಂದೊಂದು ಮೋಡ ಕಾಣುವುದಿಲ್ಲ, ಹಾಗಾಗಿ ಮೋಡಗಳ ಮಳೆಯನ್ನು ಅಂದಾಜು ಮಾಡುವ ಸ್ಕೀಮ್, ಅಂದರೆ ಲೆಕ್ಕದ ವಿಧಾನ, ಬೇಕು. 3 ಕಿಲೋಮೀಟರಿನಲ್ಲಿ ಅದನ್ನು ಆಫ್ ಮಾಡಿ, ಮೋಡ ಬೆಳೆಯುವುದನ್ನು ಮಾಡೆಲ್ ತಾನೇ ಲೆಕ್ಕ ಹಾಕಲು ಬಿಡುತ್ತೇವೆ. ಮಳೆಹನಿ, ಹಿಮಕಣಗಳ ಲೆಕ್ಕಕ್ಕೆ (ಇದಕ್ಕೆ ಮೈಕ್ರೋಫಿಸಿಕ್ಸ್ ಅನ್ನುತ್ತಾರೆ) ಥಾಂಪ್ಸನ್ ಸ್ಕೀಮ್.

ಮೊದಲ ದೊಡ್ಡ ತಪ್ಪು ಡೊಮೇನ್‌ನಲ್ಲೇ ಆಯಿತು. ಕಂಪ್ಯೂಟರಿನ ಸಮಯ ಉಳಿಸೋಣ ಎಂದು ಒಳಗಿನ ಡೊಮೇನ್‌ನ ಪಶ್ಚಿಮದ ಗಡಿಯನ್ನು ಮಂಗಳೂರು ಕರಾವಳಿಯಿಂದ ಕೇವಲ 30 ಕಿಲೋಮೀಟರ್ ದೂರ, ಸಮುದ್ರದಲ್ಲಿ ಇಟ್ಟಿದ್ದೆ. ಸಮುದ್ರದ ಮೇಲೆ ನಮಗೇನು ಕೆಲಸ ಅನ್ನಿಸಿತ್ತು. ಫಲಿತಾಂಶ ನೋಡಿದರೆ ದಿನವೂ ಆ ಗಡಿಯುದ್ದಕ್ಕೆ ಅಳತೆಗೋಲಿಟ್ಟು ಎಳೆದಂತೆ ಒಂದು ಮಳೆ ಪಟ್ಟಿ. ಅದರ ಹಿಂದೆ ಕರಾವಳಿ ಒಣ, ಘಟ್ಟದ ಬುಡದಲ್ಲೂ ಮಳೆ ಕಡಿಮೆ. ಮೂರು ವಾರ ಮೈಕ್ರೋಫಿಸಿಕ್ಸ್ ಸ್ಕೀಮ್‌ಗಳನ್ನು ಬದಲಿಸುತ್ತಾ ಕೂತೆ. ತಪ್ಪು ಅಲ್ಲಿರಲಿಲ್ಲ. ಹೊರಗಿನ 9 ಕಿಲೋಮೀಟರ್ ಗಾಳಿ ಒಳಗಿನ 3 ಕಿಲೋಮೀಟರ್ ಡೊಮೇನ್‌ಗೆ ಕಾಲಿಟ್ಟ ಮೇಲೆ, ಅದರಲ್ಲಿ ಸಣ್ಣ ಸಣ್ಣ ಮೋಡಗಳು ಹುಟ್ಟಿ ಸಾಲು ಕಟ್ಟಲು ಜಾಗವೂ ಸಮಯವೂ ಬೇಕು. ಮುಂಗಾರಿನಲ್ಲಿ ಕರಾವಳಿಗೆ ಬರುವ ಮಳೆ ಸಮುದ್ರದ ಮೇಲೇ ತಯಾರಾಗುತ್ತದೆ. ನಾನು ಆ ಅಡುಗೆಮನೆಯನ್ನೇ ಕತ್ತರಿಸಿ ಹಾಕಿದ್ದೆ. ಗಡಿಯನ್ನು ಕರಾವಳಿಯಿಂದ 250 ಕಿಲೋಮೀಟರ್ ಆಚೆಗೆ ಸರಿಸಿದೆ. ಪಟ್ಟಿ ಆಮೇಲೂ ಬರುತ್ತದೆ, ಆದರೆ ನಡುಸಮುದ್ರದಲ್ಲಿ, ಯಾರಿಗೂ ತೊಂದರೆ ಇಲ್ಲದ ಕಡೆ. ಓಟದ ಸಮಯ ಜಾಸ್ತಿಯಾಯಿತು. ಅದು ಬೇಕಾದ ಖರ್ಚು.

ಎರಡನೆಯದು ನಿಜಕ್ಕೂ ಹೆದರಿಸಿದ ತಪ್ಪು. ಒಂದು ಜುಲೈ ರಾತ್ರಿ, ಆರೆಂಜ್ ಅಲರ್ಟ್ ಇದ್ದಾಗ, ಬೆಳಗ್ಗೆ ಎದ್ದು ನೋಡಿದರೆ ನಕ್ಷೆಯೇ ಇಲ್ಲ. ಮಾಡೆಲ್ ಅರ್ಧ ದಾರಿಯಲ್ಲಿ ಸತ್ತಿತ್ತು. ಎರರ್ ಫೈಲ್ ತೆರೆದೆ. ಕೊನೆಯ ಸಾಲುಗಳಲ್ಲಿ ಒಂದೇ ಮಾತು: ಒಳಗಿನ ಡೊಮೇನ್‌ನಲ್ಲಿ ಇಷ್ಟು ಬಿಂದುಗಳು ಸಿಎಫ್‌ಎಲ್ ಮಿತಿ ಮೀರಿವೆ. ಮೊದಲು 4 ಬಿಂದು, ಮುಂದಿನ ಹೆಜ್ಜೆಗೆ 11, ಆಮೇಲೆ 60ಕ್ಕೂ ಮೇಲೆ, ಕೊನೆಗೆ ಸೆಗ್ಮೆಂಟೇಶನ್ ಫಾಲ್ಟ್, ಅಂದರೆ ಪ್ರೋಗ್ರಾಂ ಅಲ್ಲೇ ನಿಂತುಹೋಯಿತು. ಬಿಂದುಗಳ ಸ್ಥಾನ ತೆಗೆದು ನಕ್ಷೆಯಲ್ಲಿ ಇಟ್ಟರೆ ಎಲ್ಲವೂ ಪುಷ್ಪಗಿರಿಯಿಂದ ಬ್ರಹ್ಮಗಿರಿಯವರೆಗಿನ ಘಟ್ಟದ ಅಂಚಿನಲ್ಲಿ.

ಸಿಎಫ್‌ಎಲ್ ಅಂದರೆ ಇಷ್ಟೇ. ಮಾಡೆಲ್ ಕಾಲವನ್ನು ಹೆಜ್ಜೆ ಹೆಜ್ಜೆಯಾಗಿ ಮುಂದೆ ತಳ್ಳುತ್ತದೆ. ಒಂದು ಹೆಜ್ಜೆಯೊಳಗೆ ಗಾಳಿ ಒಂದು ಪೆಟ್ಟಿಗೆಯನ್ನು ಪೂರ್ತಿ ಹಾರಿ ದಾಟಬಾರದು. ದಾಟಿದರೆ ಲೆಕ್ಕ ಹುಚ್ಚೆದ್ದು ಹೋಗುತ್ತದೆ. ಡಬ್ಲ್ಯುಆರ್‌ಎಫ್‌ನಲ್ಲಿ ಎಲ್ಲರೂ ಹೇಳುವ ಸೂತ್ರ, ಕಿಲೋಮೀಟರಿನ ಆರು ಪಟ್ಟು ಸೆಕೆಂಡು. 9 ಕಿಲೋಮೀಟರಿಗೆ 54, 3 ಕಿಲೋಮೀಟರಿಗೆ 18. ಅಡ್ಡ ಬೀಸುವ ಗಾಳಿಗೆ ಇದು ಸಾಕು. ಆದರೆ ಘಟ್ಟಕ್ಕೆ ಬಡಿದ ಗಾಳಿ ಮೇಲಕ್ಕೆ ಹೋಗುತ್ತದೆ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಮೇಲೇಳುವ ಗಾಳಿ 18 ಸೆಕೆಂಡಿನಲ್ಲಿ 270 ಮೀಟರ್ ಏರುತ್ತದೆ. ಅಲ್ಲಿ ಪದರದ ದಪ್ಪ 200 ಮೀಟರ್ ಇದ್ದರೆ? ಅದೂ ಅಲ್ಲದೆ ಮಾಡೆಲ್‌ನ ಪದರಗಳು ನೆಲದ ಏರಿಳಿತವನ್ನೇ ಹಿಂಬಾಲಿಸುತ್ತವೆ, ಬೆಟ್ಟದ ನೆತ್ತಿಯ ಮೇಲೆ ಇನ್ನಷ್ಟು ಒತ್ತಿಕೊಂಡು ತೆಳುವಾಗುತ್ತವೆ.

ಇದರಿಂದ ನನಗೆ ಅರ್ಥವಾದದ್ದು ಒಂದು. ಈ ಮಾಡೆಲ್ ಸುಮ್ನೆ ಯಾವಾಗಲೋ ಸಾಯುವುದಿಲ್ಲ. ಮಳೆ ಅತಿ ಜೋರಾಗಿರುವ ರಾತ್ರಿಯೇ ಸಾಯುತ್ತದೆ, ಯಾಕೆಂದರೆ ಗಾಳಿ ಅತಿ ಜೋರಾಗಿ ಮೇಲೇಳುವುದೂ ಆವತ್ತೇ. ತಿಂಗಳಲ್ಲಿ 29 ದಿನ ಸರಿಯಾಗಿ ಓಡಿ, ಬೇಕಾದ ದಿನ ಕೈಕೊಡುವ ಯಂತ್ರವನ್ನು ಮುನ್ಸೂಚಕರ ಮೇಜಿನ ಮೇಲೆ ಇಡುವುದು ತಪ್ಪು.

ಹೊರಗಿನ ಹೆಜ್ಜೆಯನ್ನು 54ರಿಂದ 45 ಸೆಕೆಂಡಿಗೆ ಇಳಿಸಿದೆ, ಒಳಗಿನದು ತಾನಾಗಿ 15 ಆಯಿತು. ಅತಿವೇಗದ ಮೇಲ್ಗಾಳಿಗೆ ಸ್ವಲ್ಪ ಬ್ರೇಕ್ ಹಾಕುವ ಡ್ಯಾಂಪಿಂಗ್ ಆಯ್ಕೆಯನ್ನು ಆನ್ ಮಾಡಿದೆ. ಕಡಿದಾದ ಇಳಿಜಾರಿನಲ್ಲಿ ಶಬ್ದದ ಅಲೆಗಳನ್ನು ತಣಿಸುವ ಎಪ್‌ಎಸ್‌ಎಸ್‌ಎಂ ಎಂಬ ಸೆಟ್ಟಿಂಗಿನ ಬೆಲೆಯನ್ನು 0.1ರಿಂದ 0.3ಕ್ಕೆ ಏರಿಸಿದೆ. ಆಮೇಲೆ ಪರೀಕ್ಷೆ. ಹಳೆಯ ಜಿಎಫ್‌ಎಸ್ ಡೇಟಾ ಅಮೆರಿಕದ ವಾತಾವರಣ ಸಂಶೋಧನಾ ಕೇಂದ್ರ ಎನ್‌ಸಿಎಆರ್ ಸಂಗ್ರಹದಲ್ಲಿ ಸಿಗುತ್ತದೆ. 2018ರ ಆಗಸ್ಟ್ 13ರಿಂದ 17ರವರೆಗಿನ ದಿನಗಳನ್ನು ತಂದು ಒಂದೊಂದಾಗಿ ಓಡಿಸಿದೆ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕುಸಿದ ದಿನಗಳು. ಪರದೆಯ ಮೇಲೆ ಆ ಮಳೆ ಮತ್ತೆ ಘಟ್ಟಕ್ಕೆ ಬಂದು ನಿಲ್ಲುವುದನ್ನು ನೋಡುವುದು ಸುಲಭ ಇರಲಿಲ್ಲ. ಎಲ್ಲ ರನ್‌ಗಳೂ ಕೊನೆ ಮುಟ್ಟಿದವು. ಈಗಲೂ ಯಾವ ಸೆಟ್ಟಿಂಗ್ ಬದಲಿಸಿದರೂ ಮೊದಲು ಆ ಐದು ದಿನಗಳನ್ನು ದಾಟಿಸಿಯೇ ಮುಂದಿನ ಮಾತು.

ಕರೆಂಟು ಇನ್ನೊಂದು ತಲೆನೋವು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ಮಾಮೂಲಿ. ಯುಪಿಎಸ್ 40 ನಿಮಿಷ ತಡೆಯುತ್ತದೆ. ಮಾಡೆಲ್‌ನ ಮೂರು ಗಂಟೆಗೊಮ್ಮೆ ರೀಸ್ಟಾರ್ಟ್ ಫೈಲ್ ಬರೆಸುತ್ತೇನೆ, ಕರೆಂಟು ಬಂದ ಮೇಲೆ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ.

ಈಗ ಏಳೂವರೆ ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷ ಜಿಎಫ್‌ಎಸ್‌ನ ಬೆಳಗಿನ ಐದೂವರೆಯ ರನ್ ಬಳಸುತ್ತಿದ್ದೆ. ಡೇಟಾ ಸಿಗುವಾಗ ಒಂಬತ್ತೂವರೆ. ಓಡಿ ಮುಗಿಯುವಾಗ ಮಧ್ಯಾಹ್ನ. ನಕ್ಷೆ ಚೆನ್ನಾಗಿರುತ್ತಿತ್ತು, ಗೆಳೆಯರ ಕೈಗೆ ಸೇರುವ ಹೊತ್ತಿಗೆ ಅವರ ಬುಲೆಟಿನ್ ಹೊರಟಾಗಿರುತ್ತಿತ್ತು. "ನಾನು ಬೆಳಗ್ಗೆ ಏಳೂವರೆಗೆ ಕೂರುತ್ತೇನೆ. ಆಗ ಇಲ್ಲದ ನಕ್ಷೆ ನನಗೆ ನಾಳೆಯ ಪೇಪರ್ ಇದ್ದಂತೆ" ಅಂದರು.

ಹಿಂದಿನ ರಾತ್ರಿ ಹನ್ನೊಂದೂವರೆಯ ರನ್‌ಗೆ ಬದಲಾಯಿಸಿದೆ. ಅದರ ಫೈಲ್‌ಗಳು ನಸುಕಿನ ಮೂರರಿಂದ ಬರತೊಡಗುತ್ತವೆ. ಪೂರ್ತಿ ಫೈಲ್ ಒಂದೊಂದೂ 500 ಎಂಬಿ ಆಸುಪಾಸು. ಬೇಕಾದ ಪ್ರದೇಶ, ಬೇಕಾದ ಅಂಶಗಳನ್ನಷ್ಟೇ ಕತ್ತರಿಸಿ ಇಳಿಸಿದರೆ ಕೆಲವೇ ಎಂಬಿ. ಮೂರು ಗಂಟೆಗೊಂದರಂತೆ 57 ಗಂಟೆಗೆ 20 ಫೈಲ್. 57 ಯಾಕೆಂದರೆ ಅದರ ಹಿಂದೆ ಇನ್ನೊಂದು ತಪ್ಪಿನ ಕಥೆ ಇದೆ.

ನಮ್ಮ ದೇಶದಲ್ಲಿ ಒಂದು ದಿನದ ಮಳೆ ಅಂದರೆ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗಿನ ಮಳೆ. ಮಾಡೆಲ್ ತನ್ನ ಗಡಿಯಾರವನ್ನು ಗ್ರೀನಿಚ್ ಕಾಲದಲ್ಲಿ ಇಡುತ್ತದೆ, ಅದರ ದಿನ ನಮ್ಮ ಬೆಳಗ್ಗೆ 5.30ಕ್ಕೆ ಶುರು. ನಾನು ಒಂದು ಇಡೀ ಮಳೆಗಾಲ 5.30ರ ದಿನವನ್ನು 8.30ರ ಅಳತೆಯ ಜೊತೆ ಹೋಲಿಸಿ, ಮಾಡೆಲ್ ತಪ್ಪು ಹೇಳುತ್ತಿದೆ ಎಂದುಕೊಂಡಿದ್ದೆ. ಘಟ್ಟದಲ್ಲಿ ನಸುಕಿನ ಮೂರು ಗಂಟೆಗಳಲ್ಲಿ ಒಂದೆರಡು ಇಂಚು ಸುರಿದುಬಿಡಬಹುದು. ಅಷ್ಟೂ ತಪ್ಪು ದಿನದ ಲೆಕ್ಕಕ್ಕೆ ಸೇರುತ್ತಿತ್ತು. ಇದನ್ನು ಹಿಡಿದದ್ದು ಮಾವ. ಅವರ ಪುಸ್ತಕದ ಒಂದು ಅಂಕಿಯನ್ನು ಫೋನಿನಲ್ಲಿ ಕೇಳಿ ನಾನು ವ್ಯತ್ಯಾಸ ಹೇಳಿದಾಗ, "ನೀನು ಎಷ್ಟು ಗಂಟೆಗೆ ಅಳೆಯುತ್ತೀ?" ಎಂದು ಕೇಳಿದರು.

ಈಗಿನ ಲೆಕ್ಕ ಹೀಗಿದೆ. ರಾತ್ರಿ 11.30ಕ್ಕೆ ಶುರುವಾಗುವ ರನ್‌ನ ಮೊದಲ 9 ಗಂಟೆ ಮಾಡೆಲ್ ತನ್ನ ಮೋಡಗಳನ್ನು ಕಟ್ಟಿಕೊಳ್ಳಲು ಬಿಟ್ಟ ಸಮಯ, ಅದನ್ನು ತೋರಿಸುವುದಿಲ್ಲ. ಒಂಬತ್ತನೇ ಗಂಟೆ ಅಂದರೆ ಸರಿಯಾಗಿ ಬೆಳಗ್ಗೆ 8.30. ಅಲ್ಲಿಂದ 33ನೇ ಗಂಟೆಯವರೆಗೆ ಮೊದಲ ದಿನ, 57ರವರೆಗೆ ಎರಡನೇ ದಿನ. ಮಾಡೆಲ್ ಮಳೆಯನ್ನು ಶುರುವಿನಿಂದ ಕೂಡಿಸುತ್ತಾ ಹೋಗುತ್ತದೆ, ಹಾಗಾಗಿ 33ರ ಮೊತ್ತದಿಂದ 9ರ ಮೊತ್ತ ಕಳೆದರೆ ಆಯಿತು. ರನ್ ಪೂರ್ತಿ ಮುಗಿಯಲು ನಾಲ್ಕು ಗಂಟೆ ಬೇಕು. ಆದರೆ 33ನೇ ಗಂಟೆಯ ಫೈಲ್ ಬರೆದ ಕೂಡಲೇ ಮೊದಲ ದಿನದ ನಕ್ಷೆ ಹೊರಡುತ್ತದೆ. ಆರು ಗಂಟೆಗೆಲ್ಲ ಅದು ಅವರ ಫೋನಿನಲ್ಲಿ ಇರುತ್ತದೆ. ಎರಡನೆಯದು ಏಳೂವರೆಗೆ.

ನಕ್ಷೆಯ ಬಣ್ಣದಲ್ಲೂ ಎಡವಿದೆ. ಹಳದಿ, ಕಿತ್ತಳೆ, ಕೆಂಪು ಬಳಸಿದ್ದೆ. ನೋಡಲು ಸರಿಯಾಗಿಯೇ ಇತ್ತು. ಒಂದು ದಿನ ಆ ಚಿತ್ರ ಹೇಗೋ ಒಂದು ವಾಟ್ಸ್ಆಪ್ ಗುಂಪಿಗೆ ಹೋಗಿ, ಸೋಮವಾರಪೇಟೆ ಕಡೆ ರೆಡ್ ಅಲರ್ಟ್ ಅಂತೆ, ನಾಳೆ ಶಾಲೆಗೆ ರಜೆ ಅಂತೆ ಎಂದು ಸುದ್ದಿ ಹಬ್ಬಿತು. ಇಲಾಖೆಯ ಎಚ್ಚರಿಕೆಯ ಬಣ್ಣಗಳು ಅವು. ಜನ ಅವನ್ನು ನಂಬಿ ನಡೆಯುತ್ತಾರೆ, ನಡೆಯಬೇಕು ಕೂಡ. ಮಾಡೆಲ್‌ನ ಒಂದು ಲೆಕ್ಕಕ್ಕೆ ಆ ಬಣ್ಣ ಹಾಕುವ ಅಧಿಕಾರ ನನಗಿಲ್ಲ. ಅಂದಿನಿಂದ ತಿಳಿನೀಲಿಯಿಂದ ನೇರಳೆಯವರೆಗಿನ ಬಣ್ಣ ಮಾತ್ರ. ಪ್ರತಿ ನಕ್ಷೆಯ ಮೇಲೂ "ಮಾಡೆಲ್ ಲೆಕ್ಕ, ಎಚ್ಚರಿಕೆ ಅಲ್ಲ" ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ನಕ್ಷೆ ಹೋಗುವುದು ಮುನ್ಸೂಚನೆ ಕೆಲಸದಲ್ಲಿರುವವರಿಗೆ ಮಾತ್ರ. ಬಣ್ಣ ಬದಲಾಗುವ ಗೆರೆಗಳನ್ನು ಮಾತ್ರ ಇಲಾಖೆಯ ಅಳತೆಯಲ್ಲೇ ಉಳಿಸಿದೆ: 64.5 ಮಿಲಿಮೀಟರ್ ದಾಟಿದರೆ ಭಾರಿ, 115.6ರಿಂದ ಅತಿ ಭಾರಿ, 204.5ರಿಂದ ವಿಪರೀತ.

ಮಾಡೆಲ್ ಎಷ್ಟು ಸರಿ ಎಂದು ನೋಡುವುದು ಬೇರೆಯದೇ ಕೆಲಸ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, 15 ನಿಮಿಷಕ್ಕೊಮ್ಮೆ ಅಳತೆ ಕಳಿಸುತ್ತವೆ. ಇಷ್ಟು ಒತ್ತಾದ ಜಾಲ ಇರುವುದು ನಮ್ಮ ಭಾಗ್ಯ. ಶುರುವಿನಲ್ಲಿ ಮಾಪಕ ಇರುವ ಚೌಕವನ್ನೇ ಹಿಡಿದು ಹೋಲಿಸುತ್ತಿದ್ದೆ. ಅಂಕಗಳು ತೀರಾ ಕೆಟ್ಟದಾಗಿ ಬಂದವು, ಜಿಎಫ್‌ಎಸ್‌ಗಿಂತಲೂ ಕಡಿಮೆ. ಕಾರಣ ಇಷ್ಟು. ಮಾಡೆಲ್ ಗಾಳಿಬೀಡಿನಲ್ಲಿ ಹೇಳಿದ ಮಳೆ ಮಕ್ಕಂದೂರಿನಲ್ಲಿ ಬಂದರೆ, ಗಾಳಿಬೀಡಿನಲ್ಲಿ ಬರಲಿಲ್ಲ ಎಂದು ಒಂದು ಪೆಟ್ಟು, ಮಕ್ಕಂದೂರಿನಲ್ಲಿ ಹೇಳಲಿಲ್ಲ ಎಂದು ಇನ್ನೊಂದು ಪೆಟ್ಟು. ಮಳೆಯನ್ನೇ ಹೇಳದೆ ಸುಮ್ಮನಿದ್ದ ಮಾಡೆಲ್‌ಗೆ ಒಂದೇ ಪೆಟ್ಟು. ಆದರೆ ಮುನ್ಸೂಚಕರಿಗೆ ಮೊದಲನೆಯದೇ ಹೆಚ್ಚು ಉಪಯೋಗ, ಅಲ್ವಾ? ರಾಬರ್ಟ್ಸ್ ಮತ್ತು ಲೀನ್ 2008ರಲ್ಲಿ ಕೊಟ್ಟ ವಿಧಾನ ಇದಕ್ಕೇ ಇರುವುದು. ಒಂದು ಚೌಕದ ಬದಲು ಸುತ್ತಲಿನ ನೆರೆಯನ್ನು ನೋಡಿ, ಅಷ್ಟರಲ್ಲಿ ಎಷ್ಟು ಪಾಲು ಚೌಕಗಳು 115.6 ದಾಟಿವೆ ಎಂದು ಎರಡೂ ಕಡೆ ಎಣಿಸಿ ಹೋಲಿಸುವುದು. ನಮಗೆ 15 ಕಿಲೋಮೀಟರ್ ನೆರೆ ಸರಿ ಹೊಂದಿತು. ಅಂದರೆ ನಕ್ಷೆಯ ಒಂದು ಗಾಢ ಚುಕ್ಕೆಯನ್ನು ಒಂದು ಊರಿನ ಮೇಲೆ ಬೆರಳಿಟ್ಟು ಓದಬಾರದು. ಆ ಬೆಟ್ಟಸಾಲಿನ ಆ ಪಕ್ಕ ಎಂದು ಓದಬೇಕು.

ಒಂದೇ ರನ್ ನಂಬಬಾರದು ಅನ್ನುವುದೂ ಇದರಿಂದಲೇ ಬಂತು. ದೊಡ್ಡ ಕೇಂದ್ರಗಳಂತೆ 20 ರನ್ ಒಟ್ಟಿಗೆ ಓಡಿಸುವ ಶಕ್ತಿ ನನ್ನ ಯಂತ್ರಕ್ಕಿಲ್ಲ. ಆದರೆ ಜಿಎಫ್‌ಎಸ್ ದಿನಕ್ಕೆ ನಾಲ್ಕು ಸಲ ಬರುತ್ತದೆ. ನಾಲ್ಕನ್ನೂ ಓಡಿಸಿ, ಹಿಂದಿನ ಮೂರನ್ನು ಇಟ್ಟುಕೊಂಡು, ಹೊಸದರ ಜೊತೆ ಪಕ್ಕಪಕ್ಕ ಇಡುತ್ತೇನೆ. ನಾಲ್ಕರಲ್ಲಿ ಎಷ್ಟು ರನ್ ಭಾರಿ ಮಳೆ ಹೇಳುತ್ತಿವೆ ಎಂಬ ಒಂದು ನಕ್ಷೆ ಸಾಕು. ಗೆಳೆಯರು ಈಗ ಮೊದಲು ತೆರೆಯುವುದೇ ಅದನ್ನು.

ಕಳೆದ ವರ್ಷ ಸೇರಿಸಿದ್ದು ಇನ್ನೊಂದು. 2018ರಲ್ಲಿ ಗುಡ್ಡ ಕುಸಿದದ್ದು ಕೊನೆಯ ಎರಡು ದಿನದ ಮಳೆಯಿಂದ ಮಾತ್ರ ಅಲ್ಲ. ಜೂನ್‌ನಿಂದ ನೀರು ಕುಡಿದು ಕುಡಿದು ಮಣ್ಣು ತುಂಬಿತ್ತು. ರಸ್ತೆಗೆ, ಮನೆಗೆ ಎಂದು ಇಳಿಜಾರು ಕಡಿದ ಜಾಗಗಳು ಬೇರೆ. ಮಾಡೆಲ್‌ಗೆ ಆ ಕಡಿದ ಜಾಗ ಕಾಣುವುದಿಲ್ಲ. 3 ಕಿಲೋಮೀಟರ್ ಚೌಕದಲ್ಲಿ ಜೋಡುಪಾಲದ ಕಣಿವೆಯೇ ಕಾಣುವುದಿಲ್ಲ. ನಾನು ಎತ್ತರದ ನಕ್ಷೆ ತೆರೆದು ಸಂಪಾಜೆಯಿಂದ ಮಡಿಕೇರಿಯವರೆಗೆ ಎಣಿಸಿದರೆ ಸಿಕ್ಕಿದ್ದು ಏಳೆಂಟು ಮೆಟ್ಟಿಲು, ಅಷ್ಟೇ. ಹಾಗಾಗಿ ಕುಸಿತ ಆಗುತ್ತದೆ ಎಂದು ಈ ನಕ್ಷೆ ಹೇಳುವುದಿಲ್ಲ. ಹಿಂದಿನ ಹತ್ತು ದಿನ ಮಾಪಕಗಳಲ್ಲಿ ಬಿದ್ದ ಮಳೆಗೆ ಮುಂದಿನ ಎರಡು ದಿನದ ಮಾಡೆಲ್ ಮಳೆ ಕೂಡಿಸಿ, ಪಂಚಾಯಿತಿವಾರು ಒಂದು ಪಟ್ಟಿ ಕೊಡುತ್ತೇನೆ. ಮೇಲಿನ ಹೆಸರುಗಳಿಗೆ ಫೋನ್ ಮಾಡಿ ಊರಿನಲ್ಲಿ ಬಿರುಕು, ಹೊಸ ಒರತೆ, ಕೆಂಪು ನೀರು ಕಂಡಿದೆಯೇ ಎಂದು ಕೇಳುವುದು ಮನುಷ್ಯರ ಕೆಲಸ.

ಈಗ ನಡೆಯುತ್ತಿರುವುದು 1 ಕಿಲೋಮೀಟರ್ ಪ್ರಯೋಗ. ಚೌಕ ಮೂರರಲ್ಲಿ ಒಂದಾದರೆ ಉದ್ದಕ್ಕೆ ಮೂರು ಪಟ್ಟು, ಅಗಲಕ್ಕೆ ಮೂರು ಪಟ್ಟು, ಕಾಲದ ಹೆಜ್ಜೆಯೂ ಮೂರು ಪಟ್ಟು, ಒಟ್ಟು 27 ಪಟ್ಟು ಕೆಲಸ. ಇಡೀ ಒಳ ಡೊಮೇನ್‌ಗೆ ಮಾಡಿದರೆ ಎರಡು ದಿನದ ಮುನ್ಸೂಚನೆ ಬರಲು ಹೆಚ್ಚುಕಮ್ಮಿ ನಾಲ್ಕು ದಿನ ಬೇಕು. ಭಾಗಮಂಡಲದಿಂದ ಮಾದಾಪುರದವರೆಗಿನ ಒಂದು ಸಣ್ಣ ತುಂಡಿಗೆ ಮಾತ್ರ, ಅಮೆರಿಕದ ಬಾಹ್ಯಾಕಾಶ ಶಟಲ್‌ನಿಂದ ಅಳೆದ ಎಸ್‌ಆರ್‌ಟಿಎಂ ನೆಲದೆತ್ತರದ ಡೇಟಾವನ್ನು 90 ಮೀಟರ್ ಚೌಕಗಳಲ್ಲಿ ಹಾಕಿ ನೋಡುತ್ತಿದ್ದೇನೆ. ಸಿಎಫ್‌ಎಲ್ ಮತ್ತೆ ಕಾಟ ಕೊಡುತ್ತಿದೆ. 2018ರ ಐದು ದಿನಗಳಲ್ಲಿ ಮೂರು ದಾಟಿದೆ, ಎರಡು ಬಾಕಿ.

ಈ ಸಲ ಆಶ್ಲೇಷ ಮಳೆಯ ಒಂದು ಬೆಳಗ್ಗೆ ಗೆಳೆಯರು ಫೋನ್ ಮಾಡಿದ್ದರು. ನಾಲ್ಕು ರನ್‌ಗಳಲ್ಲಿ ಮೂರು, ರಾತ್ರಿ ಒಂದರಿಂದ ಐದರವರೆಗೆ ಮಡಿಕೇರಿಯ ಉತ್ತರದ ಸಾಲಿನಲ್ಲಿ ಜೋರು ಎಂದಿದ್ದವು. ಕತ್ತಲಾಗುವ ಮೊದಲೇ ಜನರಿಗೆ ಹೇಳುವಂತೆ ಸಂಜೆಯ ಸೂಚನೆಯಲ್ಲಿ ಹೊತ್ತನ್ನೂ ಸೇರಿಸಿ ಬರೆಯುತ್ತೇನೆ ಎಂದರು. ಮಾವನಿಗೆ ನಾನೇ ಫೋನ್ ಮಾಡಿದೆ. ಆ ರಾತ್ರಿ ಅವರು ಪೇಟೆಯ ತಂಗಿ ಮನೆಯಲ್ಲಿ ಮಲಗಿದರು. ಮರುದಿನ ಎಂಟೂವರೆಗೆ ತೋಟಕ್ಕೆ ವಾಪಸ್ ಹೋಗಿ ಜಾಡಿ ಅಳೆದು ಹೇಳಿದರು: ಐದು ಇಂಚು ಹತ್ತು ಸೆಂಟು. 129.5 ಮಿಲಿಮೀಟರ್. ಅವರ ಚೌಕಕ್ಕೆ ಮಾಡೆಲ್ 96 ಹೇಳಿತ್ತು, ಎರಡು ಚೌಕ ಪಶ್ಚಿಮಕ್ಕೆ 141. ಎರಡನ್ನೂ ಬರೆದುಕೊಂಡೆ.